ಮಗ್ಗಿನ ಮೇಲೆ ಮೆಚ್ಚಿನ ಮೊಗ!

ನಿಮ್ಮ ಮೆಚ್ಚಿನ ನಾಯಕನನ್ನು ಯಾರಾದರೂ ಕಬ್ಬಿಣದ ಮಿಷನ್ನಿನಲ್ಲಿ ಸಿಕ್ಕಿಸಿ, 190 ಡಿಗ್ರಿ ಶಾಖ ಕೊಟ್ಟು, ಮೂರು ನಿಮಿಷ ಬೇಯಿಸಿದರೆ ನಿಮಗೆ ಕೋಪ ಬರುತ್ತದೆಯೆ? ಬರಬಾರದು ಸ್ವಾಮಿ! ಯಾಕೆಂದರೆ ಹಾಗೆ ಬೆಂದು ಹೊರಗೆ ಬಂದ ನಾಯಕ ಮೊದಲಿಗಿಂತ ಕಳೆಕಳೆಯಾಗಿ ನಗುತ್ತಾನೆ. ಖಳನಾಯಕನ ಚಿತ್ರಹಿಂಸೆಯಿಂದ ಪಾರಾಗಿ ಕ್ಲೈಮ್ಯಾಕ್ಸಿಗೆ ಬಂದು ನಿಂತ ಹೀರೋ ಹಾಗೆ!

ನಾನು ಹೇಳುತ್ತಿರುವುದು ಕಾಫಿ ಕುಡಿಯುವ ಪಿಂಗಾಣಿ ಮಗ್ಗಿನ ವಿಷಯ. ಈಗ ಯಾವ ಊರಿಗೇ ಹೋಗಿ, ಮೊಬೈಲ್ ಅಂಗಡಿಯ ಪಕ್ಕದಲ್ಲೋ ಫೋಟೋ ಸ್ಟುಡಿಯೋದ ಬಾಗಿಲಲ್ಲೋ ಒಂದು ಬೋರ್ಡು ಕಾಣುತ್ತದೆ. ನಿಮ್ಮ ಫೋಟೋ ಮಗ್ಗಿನ ಮೇಲೆ, ನಿಂತ ಕಾಲಲ್ಲೇ! ಒಳಗೆ ಗಾಜಿನ ಷೋಕೇಸಿನಲ್ಲಿ ನಮ್ಮ ತಾರೆಯರೆಲ್ಲ ಸಾಲಾಗಿ ಕುಳಿತಿರುತ್ತಾರೆ. ಡಾಕ್ಟರ್ ರಾಜ್, ವಿಷ್ಣುವರ್ಧನ್, ಅಂಬರೀಷ್, ಶಂಕರ್‌ನಾಗ್, ನಗುನಗುತ್ತಾ ಅಪ್ಪು.... ಥಿಯೇಟರಿನ ಮುಂದೆ ತೆಂಗಿನಮರದಷ್ಟು ಎತ್ತರದ ಕಟೌಟಾಗಿ ನಿಂತವರು ಇಲ್ಲಿ ಅರ್ಧ ಗೇಣು. ಆದರೇನಂತೆ? ಕಟೌಟು ಮನೆಯೊಳಗೆ ಬರುವುದಿಲ್ಲ. ಮಗ್ಗು ಬರುತ್ತದೆ! ಬೆಳಿಗ್ಗೆ ಎದ್ದ ಕೂಡಲೇ ಕೈಗೆ ಸಿಗುತ್ತದೆ!

ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಅಭಿಮಾನಿಗಳು ಕೊಳ್ಳುತ್ತಾರೆ. ಒಬ್ಬನ ಮಗ್ಗು ವರ್ಷಗಟ್ಟಲೆ ಮೊನ್ನೆ ತಂದ ಹಾಗೆ ಇರುತ್ತದೆ. ಇನ್ನೊಬ್ಬನದು ಮೂರೇ ತಿಂಗಳಿಗೆ ಮೂಗು ಕಣ್ಣು ಅಳಿಸಿ, ಯಾರ ಫೋಟೋ ಅಂತ ಅವನೇ ಕೇಳುವ ಹಾಗಾಗಿರುತ್ತದೆ. ಮೆಚ್ಚಿದ ಮುಖ ಪಾತ್ರೆ ತೊಳೆಯುವ ಸಿಂಕಿನಲ್ಲಿ ಸುಲಿದು ಹೋಗುವುದನ್ನು ನೋಡುವ ಸಂಕಟ ಅಭಿಮಾನಿಗೆ ಮಾತ್ರ ಗೊತ್ತು. ಅದೇ ಬೆಲೆ, ಅದೇ ಮಿಷನ್ನು, ಅದೇ ಬಿಳಿ ಮಗ್ಗು. ಮತ್ತೆ ಯಾಕೆ ಹೀಗೆ? ಇದರ ಗುಟ್ಟೇನು ಅಂತ ತಿಳಿಯಲು ತುಮಕೂರಿನ ಬಸ್ ಸ್ಟ್ಯಾಂಡಿಗೆ ಹತ್ತಿರದ ಗಲ್ಲಿಯೊಂದರಲ್ಲಿ ಇಂಥದೇ ಒಂದು ಅಂಗಡಿಯಲ್ಲಿ ಅರ್ಧ ದಿನ ಕುಳಿತೆ.

ಕುಂಚ ಬಿಟ್ಟ ಕೈ

ಅಂಗಡಿಯ ಮಾಲೀಕರಿಗೆ ಐವತ್ತೈದರ ಆಸುಪಾಸು. "ಹೆಸರು ಬರೀಬೇಡಿ ಸಾರ್, ಬೇಕಾದ್ರೆ ಮಗ್ಗಿನ ಫೋಟೋ ಹಾಕ್ಕೊಳ್ಳಿ" ಎಂದರು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಹುಡುಗರಾಗಿದ್ದಾಗ ಇವರು ಸಿನಿಮಾ ಬ್ಯಾನರು ಬರೆಯುತ್ತಿದ್ದವರು. ಬಟ್ಟೆಗೆ ಚೌಕ ಹೊಡೆದು, ಸ್ಟಿಲ್ಲು ನೋಡಿಕೊಂಡು, ಹೀರೋ ಮುಖಕ್ಕೆ ಗುಲಾಬಿ, ವಿಲನ್ ಮುಖಕ್ಕೆ ಹಸಿರು ಬಳಿಯುತ್ತಿದ್ದ ಕೈ ಅದು. ಫ್ಲೆಕ್ಸ್ ಬಂತು, ಕುಂಚ ಒಣಗಿತು. ನಡುವೆ ನಂಬರ್ ಪ್ಲೇಟು, ರೇಡಿಯಂ ಸ್ಟಿಕ್ಕರು ಅಂತ ಒಂದಷ್ಟು ವರ್ಷ. ಈಗ ಹೀಟ್ ಪ್ರೆಸ್ಸು.

"ಆಗ ಅಣ್ಣಾವ್ರ ಒಂದು ಕಣ್ಣು ಬರಿಯೋಕೆ ಅರ್ಧ ದಿನ ಹಿಡೀತಿತ್ತು ಸಾರ್. ಈಗ ಮೂರು ನಿಮಿಷಕ್ಕೆ ಪೂರ್ತಿ ಅಣ್ಣಾವ್ರು!" ಅಂತ ನಕ್ಕರು. ಆ ನಗುವಿನಲ್ಲಿ ಖುಷಿ ಎಷ್ಟಿತ್ತು, ಬೇಜಾರು ಎಷ್ಟಿತ್ತು, ನನ್ನನ್ನು ಕೇಳಬೇಡಿ.

ಇವರ ಅಂಗಡಿಯ ಪಂಚಾಂಗವೇ ಬೇರೆ. ಮಾರ್ಚ್ 17 ಪುನೀತ್, ಏಪ್ರಿಲ್ 24 ರಾಜ್, ಮೇ 29 ಅಂಬಿ, ಸೆಪ್ಟೆಂಬರ್ 18 ವಿಷ್ಣು, ನವೆಂಬರ್ 9 ಶಂಕರ್‌ನಾಗ್. ಆ ದಿನಗಳ ಹಿಂದಿನ ವಾರವೆಲ್ಲ ಮಿಷನ್ನಿಗೆ ಬಿಡುವಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲಂತೂ ಅಪ್ಪು ಫೋಟೋ ಕೇಳದೆ ಹೋದ ದಿನವೇ ಕಡಿಮೆಯಂತೆ. "ಸತ್ತೋರು ಅಂತ ಯಾರೂ ಕೇಳಲ್ಲ ಸಾರ್. ನಗ್ತಾ ಇರೋದೇ ಕೊಡಿ ಅಂತಾರೆ."

ಕರ್ಪೂರದ ಗುಟ್ಟು, ಕನಸಿನ ಹಾಡಿನ ಹೊಗೆ

ಈಗ ಕೆಲಸ ನೋಡೋಣ ಬನ್ನಿ. ಮೊದಲು ಕಂಪ್ಯೂಟರಿನಲ್ಲಿ ಫೋಟೋ ಸರಿ ಮಾಡಿ, ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸುತ್ತಾರೆ. ತಿರುಗಿಸದೆ ಬಿಟ್ಟರೆ? 'ಅಪ್ಪು' ಅನ್ನೋ ಅಕ್ಷರ ಮಗ್ಗಿನ ಮೇಲೆ ಉಲ್ಟಾ ಕೂರುತ್ತದೆ, ಎಡಗೈ ವಾಚು ಬಲಗೈಗೆ ಹೋಗುತ್ತದೆ! ಆಮೇಲೆ ಪ್ರಿಂಟರಿಗೆ ಹಾಕುತ್ತಾರೆ. ಪ್ರಿಂಟರು ಮಾಮೂಲಿ ಇಂಕ್‌ಜೆಟ್ಟೇ, ಆದರೆ ಅದರ ಹೊಟ್ಟೆಯಲ್ಲಿರುವುದು ಸಬ್ಲಿಮೇಷನ್ ಇಂಕು. ಕಾಗದವೂ ಅದಕ್ಕೆಂದೇ ಬರುವ ಕಾಗದ.

ಕಾಗದ ಹೊರಗೆ ಬಂದಾಗ ನೋಡಿ ನನಗೆ ನಿರಾಶೆಯೇ ಆಯಿತು. ಬಣ್ಣವೆಲ್ಲ ಮಂಕು, ಹೀರೋ ಮೂರು ದಿನ ಜ್ವರ ಬಂದು ಎದ್ದವನ ಹಾಗೆ ಕಾಣುತ್ತಾನೆ! "ಇಷ್ಟೇನಾ?" ಎಂದೆ. "ಪಿಕ್ಚರ್ ಇನ್ನೂ ಶುರುವೇ ಆಗಿಲ್ಲ, ಇಂಟರ್‌ವೆಲ್ಲಿಗೇ ಎದ್ದು ಹೋಗ್ತೀರಲ್ಲ!" ಎಂದರು ಮಾಲೀಕರು.

ಕಾಗದವನ್ನು ಮಗ್ಗಿಗೆ ಬಿಗಿಯಾಗಿ ಸುತ್ತಿ, ಶಾಖ ತಡೆಯುವ ಟೇಪು ಅಂಟಿಸಿದರು. ಮಿಷನ್ನಿನಲ್ಲಿ ದಪ್ಪ ರಬ್ಬರಿನಂಥ ಪಟ್ಟಿಯೊಂದು ಮಗ್ಗನ್ನು ಅಪ್ಪಿ ಹಿಡಿಯುತ್ತದೆ. ಅದರೊಳಗೆ ಕಾಯುವ ತಂತಿ. ಹಿಡಿ ಒತ್ತಿದರು. ಮಿಷನ್ನಿನ ಮೇಲೆ ಕೆಂಪಕ್ಷರದಲ್ಲಿ 190, ಪಕ್ಕದಲ್ಲಿ 180 ಸೆಕೆಂಡು. ಮಿಷನ್ನಿನಿಂದ ಮಿಷನ್ನಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಸುಮಾರಾಗಿ 180ರಿಂದ 200 ಡಿಗ್ರಿ, ಮೂರರಿಂದ ನಾಲ್ಕು ನಿಮಿಷ.

ಒಳಗೆ ಏನಾಗುತ್ತಿದೆ? ಪಿಯುಸಿಯನ್ನು ಅರ್ಧಕ್ಕೇ ಬಿಟ್ಟ ನನಗೆ ಅರ್ಥವಾದ ಹಾಗೆಯೇ ಹೇಳುತ್ತೇನೆ. ದೇವರ ಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ದಿನ ಕಳೆದಂತೆ ತಾನೇ ಸಣ್ಣದಾಗುತ್ತದಲ್ಲ? ಕರಗಿ ನೀರಾಗುವುದಿಲ್ಲ, ನೇರವಾಗಿ ಗಾಳಿಗೆ ಸೇರುತ್ತದೆ. ಬೀರುವಿನಲ್ಲಿಟ್ಟ ನುಸಿಗುಳಿಗೆಯೂ ಹಾಗೇ. ಗಟ್ಟಿ ಪದಾರ್ಥ ದ್ರವವಾಗದೆ ಒಂದೇ ನೆಗೆತಕ್ಕೆ ಅನಿಲವಾಗುವುದಕ್ಕೆ ಹೈಸ್ಕೂಲು ಪುಸ್ತಕದಲ್ಲಿ ಉತ್ಪತನ ಎಂದಿದ್ದಾರೆ. ಸಿನಿಮಾ ಮಂದಿಗೆ ಇದು ಹಳೆಯ ಪರಿಚಯ! ಕನಸಿನ ಹಾಡಿನಲ್ಲಿ ನಾಯಕ ನಾಯಕಿಯರು ಮೋಡದ ಮೇಲೆ ತೇಲುತ್ತಾರಲ್ಲ, ಆ ಮೋಡ ಎಲ್ಲಿಂದ ಬಂತು? ಡ್ರೈ ಐಸಿನಿಂದ. ಅದು ಗಟ್ಟಿಯಾಗಿಸಿದ ಕಾರ್ಬನ್ ಡೈ ಆಕ್ಸೈಡು. ಸೊನ್ನೆಗಿಂತ 78 ಡಿಗ್ರಿಗೂ ಕೆಳಗಿನ ಚಳಿಯಲ್ಲೇ ಅದು ನೇರ ಅನಿಲವಾಗಿಬಿಡುತ್ತದೆ. ಬಿಸಿನೀರಿಗೆ ಹಾಕಿದರೆ ಆ ತಂಪಿಗೆ ನೀರಿನ ಆವಿ ಹನಿಗಟ್ಟಿ ದಟ್ಟ ಮಂಜಾಗಿ ನೆಲದ ಮೇಲೆ ಹರಿಯುತ್ತದೆ. ನಾಯಕಿಯ ಪಾದ ಕಾಣದ ಹಾಗೆ!

ಮಗ್ಗಿನ ಇಂಕೂ ಇದೇ ಜಾತಿಯದು. ಶಾಖ ತಗುಲಿದಾಗ ಬಣ್ಣ ಕಾಗದದಿಂದ ಅನಿಲವಾಗಿ ಏಳುತ್ತದೆ. ಎದ್ದು ಎಲ್ಲಿಗೆ ಹೋಗುತ್ತದೆ? ಇಲ್ಲೇ ಇದೆ ನೋಡಿ ಮುಖ್ಯವಾದ ಮಾತು. ಪಿಂಗಾಣಿಯೊಳಗೆ ಹೋಗುವುದಿಲ್ಲ! ಪಿಂಗಾಣಿಯ ಗಾಜಿನಂಥ ಹೊಳಪಿಗೂ ಈ ಬಣ್ಣಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಅದಕ್ಕೇ ಈ ಮಗ್ಗುಗಳಿಗೆ ಕಾರ್ಖಾನೆಯಲ್ಲೇ ಹೊರಗಡೆ ಒಂದು ತೆಳುವಾದ ಪಾಲಿಯೆಸ್ಟರ್ ಜಾತಿಯ ಲೇಪ ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಶಾಖಕ್ಕೆ ಆ ಲೇಪ ಮೆತ್ತಗಾಗಿ ಬಾಯಿ ಬಿಡುತ್ತದೆ, ಬಣ್ಣದ ಅನಿಲ ಒಳಗೆ ನುಗ್ಗುತ್ತದೆ. ತಣ್ಣಗಾದಾಗ ಬಾಗಿಲು ಹಾಕಿಕೊಳ್ಳುತ್ತದೆ, ಬಣ್ಣ ಒಳಗೇ ಖೈದಿ!

ನಿಮ್ಮ ಮನೆಯಲ್ಲಿರುವ ಪಾಲಿಯೆಸ್ಟರ್ ಸೀರೆಗೆ ಹೂವು ಬಳ್ಳಿ ಹಾಕುವುದೂ ಇದೇ ಬಣ್ಣದ ಬಳಗ. ಅಸಲಿಗೆ ಈ ವಿದ್ಯೆ ಹುಟ್ಟಿದ್ದೇ ಬಟ್ಟೆಯ ಊರಿನಲ್ಲಿ. 1957ರಲ್ಲಿ ಫ್ರಾನ್ಸಿನ ಜವಳಿ ಉದ್ಯಮದಲ್ಲಿದ್ದ ನೋಯಲ್ ದ ಪ್ಲಾಸ್ ಎಂಬುವರು, ಕೆಲವು ಬಣ್ಣಗಳು ಸುಮಾರು 190 ಡಿಗ್ರಿಯಲ್ಲಿ ಹೀಗೆ ಆವಿಯಾಗಿ ಬಟ್ಟೆಗೆ ಹೋಗುವುದನ್ನು ಕಂಡುಕೊಂಡರು. ಸೀರೆಯಿಂದ ಮಗ್ಗಿಗೆ ಬಂತು ಬಣ್ಣ!

ಟೊಯ್ ಅಂತ ಮಿಷನ್ನು ಕೂಗಿತು. ಮಾಲೀಕರು ಕೈಗವಸು ಹಾಕಿಕೊಂಡು ಕಾಗದ ಸುಲಿದರು. ಜ್ವರ ಬಿಟ್ಟು ಹೋಗಿತ್ತು. ಕೆಂಪು ಕೆಂಪಾಗಿ, ನೀಲಿ ನೀಲಿಯಾಗಿ ಹೀರೋ ಎದ್ದು ನಿಂತಿದ್ದ!

ಬಿಳಿ ಬಣ್ಣ ಯಾರದು?

ಪ್ರಿಂಟರಿನಲ್ಲಿರುವುದು ನಾಲ್ಕೇ ಇಂಕು. ನೀಲಿ, ನೇರಳೆಗೆಂಪು, ಹಳದಿ, ಕಪ್ಪು. ಇವುಗಳ ಚುಕ್ಕಿಗಳನ್ನು ಪಕ್ಕಪಕ್ಕ ಇಟ್ಟೇ ಎಲ್ಲ ಬಣ್ಣವನ್ನೂ ಹುಟ್ಟಿಸಬೇಕು. ಅಂದ ಹಾಗೆ, ಬಣ್ಣ ಬೇರ್ಪಡಿಸಿ ಅಚ್ಚು ಹಾಕುವ ಈ ಕಲೆಗೂ ನಮ್ಮ ಸಿನಿಮಾಕ್ಕೂ ಹಳೆಯ ನಂಟಿದೆ. 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದ ದಾದಾಸಾಹೇಬ್ ಫಾಲ್ಕೆಯವರು ಕ್ಯಾಮೆರಾ ಹಿಡಿದು ಚಿತ್ರ ತೆಗೆಯುವ ಮುಂಚೆ ರತ್ಲಾಮಿಗೆ ಹೋಗಿ ಮೂರು ಬಣ್ಣದ ಬ್ಲಾಕು ಮಾಡುವುದನ್ನು ಕಲಿತಿದ್ದರು, ರಾಜಾ ರವಿವರ್ಮನ ಪ್ರೆಸ್ಸಿಗಾಗಿ ಕೆಲಸ ಮಾಡಿದ್ದರು. ರವಿವರ್ಮನ ಅಚ್ಚಿನ ಲಕ್ಷ್ಮಿ ಸರಸ್ವತಿಯರು ಮನೆ ಮನೆಯ ಗೋಡೆಗೆ ಬಂದ ಹಾಗೆಯೇ ಈಗ ತಾರೆಯರು ಮಗ್ಗಿಗೆ ಬಂದಿದ್ದಾರೆ ಅನ್ನಿ.

ನಾಲ್ಕು ಇಂಕು ಅಂದೆನಲ್ಲ, ಬಿಳಿ ಎಲ್ಲಿ? ಇಲ್ಲ! ಬಿಳಿ ಇಂಕೇ ಇಲ್ಲ! ಅಣ್ಣಾವ್ರ ಬಿಳಿ ಪಂಚೆ, ಬಿಳಿ ಶರ್ಟು, ಅಪ್ಪು ನಕ್ಕಾಗ ಕಾಣುವ ಹಲ್ಲಿನ ಸಾಲು, ಕಣ್ಣಿನ ಹೊಳಪು, ಇದ್ಯಾವುದನ್ನೂ ಯಾರೂ ಪ್ರಿಂಟ್ ಮಾಡಿಲ್ಲ. ಅಲ್ಲಿ ಇಂಕು ಬಿದ್ದಿಲ್ಲ ಅಷ್ಟೆ. ಕಾಣುತ್ತಿರುವುದು ಮಗ್ಗಿನದೇ ಬಿಳಿ. "ಅದಕ್ಕೇ ನಾನು ಮಗ್ಗು ಆರಿಸೋದ್ರಲ್ಲಿ ಜುಗ್ಗತನ ಮಾಡಲ್ಲ ಸಾರ್. ಮಗ್ಗು ಹಳದಿ ಹೊಡೀತಿದ್ರೆ ಹೀರೋ ಹಲ್ಲೂ ಹಳದಿ!" ಎಂದರು ಮಾಲೀಕರು. ಮಾತು ತಮಾಷೆಯದಾದರೂ ಲೆಕ್ಕ ಸರಿ. ಕರಿ ಮಗ್ಗಿನ ಮೇಲೆ ಇದೇ ವಿಧಾನದಲ್ಲಿ ಫೋಟೋ ಬರುವುದಿಲ್ಲ ಏಕೆಂದರೆ ಅಲ್ಲಿ ಬಿಳಿ ಸಾಲ ಕೊಡುವವರಿಲ್ಲ.

ಹಾಗಾದರೆ ಬಿಸಿ ಕಾಫಿ ಹಾಕಿದ ಕೂಡಲೇ ಕರಿ ಮಗ್ಗಿನಿಂದ ಹೀರೋ ಪ್ರತ್ಯಕ್ಷವಾಗುತ್ತಾನಲ್ಲ, ಅದು? ಅದು ಮ್ಯಾಜಿಕ್ ಮಗ್ಗು. ಒಳಗೆ ಬಿಳಿ ಮಗ್ಗೇ. ಮೇಲೆ ಶಾಖಕ್ಕೆ ಬಣ್ಣ ಕಳೆದುಕೊಳ್ಳುವ ಕರಿ ಪರದೆ ಬಳಿದಿರುತ್ತಾರೆ. ಬಿಸಿ ತಾಗಿದಾಗ ಪರದೆ ಪಾರದರ್ಶಕವಾಗುತ್ತದೆ, ಹೀರೋ ಎಂಟ್ರಿ! ತಣ್ಣಗಾದರೆ ಪರದೆ ಬಿತ್ತು, ಶುಭಂ! ಸೀಟಿ ಹೊಡೆಯುವುದೊಂದೇ ಬಾಕಿ. ಕಾಲೇಜು ಹುಡುಗರು ಹೆಚ್ಚು ಕೇಳುವುದು ಇದನ್ನೇ ಅಂತೆ.

ಲಿವರ್‌ಪೂಲಿನ ಅಭಿಮಾನಿ ದೇವರುಗಳು

ನಟರ ಮುಖವನ್ನು ಪಿಂಗಾಣಿಗೆ ಹಾಕುವ ಹುಚ್ಚು ನಮ್ಮ ಕಾಲದ್ದು ಅಂದುಕೊಂಡಿರಾ? ಇನ್ನೂರ ಐವತ್ತು ವರ್ಷ ಹಿಂದೆ ಹೋಗಿ! ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜಾನ್ ಸ್ಯಾಡ್ಲರ್ ಎಂಬ ಮುದ್ರಕನಿದ್ದ. ಅವನು ಬಿಸಾಡಿದ ಅಚ್ಚಿನ ಹಾಳೆಗಳನ್ನು ಮಕ್ಕಳು ಒಡೆದ ಪಿಂಗಾಣಿ ಚೂರುಗಳಿಗೆ ಅಂಟಿಸಿ ಆಡುತ್ತಿದ್ದುದನ್ನು ಕಂಡೇ ಅವನಿಗೆ ಐಡಿಯಾ ಹೊಳೆಯಿತು ಅಂತ ಒಂದು ದಂತಕತೆ. ಕತೆ ಹೇಗೇ ಇರಲಿ, 1756ರ ಜುಲೈ 27ರಂದು ಸ್ಯಾಡ್ಲರ್ ಮತ್ತು ಅವನ ಜೊತೆಗಾರ ಗೈ ಗ್ರೀನ್ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ, ಬರೀ ಆರು ಗಂಟೆಯಲ್ಲಿ, 1200ಕ್ಕೂ ಹೆಚ್ಚು ಪಿಂಗಾಣಿ ಟೈಲ್ಸ್ ಮೇಲೆ ಚಿತ್ರ ಅಚ್ಚು ಹಾಕಿದ್ದು ಮಾತ್ರ ದಾಖಲೆ. ಪ್ರಮಾಣ ಮಾಡಿ ಬರೆದುಕೊಟ್ಟಿದ್ದಾರೆ! ಕೈಯಲ್ಲಿ ಬರೆಯುವ ಕಲಾವಿದರಿಗೆ ಆವತ್ತು ಎಷ್ಟು ಹೊಟ್ಟೆ ಉರಿದಿರಬೇಡ! ನಮ್ಮ ಮಾಲೀಕರಿಗೆ ಫ್ಲೆಕ್ಸ್ ಬಂದ ದಿನ ಉರಿದ ಹಾಗೆಯೇ.

ಇದೇ ಗೈ ಗ್ರೀನ್ 1770ರ ದಶಕದ ಕೊನೆಗೆ ಏನು ಅಚ್ಚು ಹಾಕಿದ ಗೊತ್ತೆ? ಲಂಡನ್ನಿನ ನಾಟಕದ ತಾರೆಯರನ್ನು! ಆಗಿನ ಸೂಪರ್ ಸ್ಟಾರ್ ಡೇವಿಡ್ ಗ್ಯಾರಿಕ್ ಸೇರಿದಂತೆ ನಟನಟಿಯರು ತಮ್ಮ ಪಾತ್ರದ ವೇಷದಲ್ಲಿ ನಿಂತಿರುವ ಟೈಲ್ಸು. ಅಭಿಮಾನಿ ದೇವರುಗಳು ಅಲ್ಲೂ ಇದ್ದರು ನೋಡಿ!

ಆ ಟೈಲ್ಸ್‌ಗಳು ಇವತ್ತಿಗೂ ಮ್ಯೂಸಿಯಮ್ಮುಗಳಲ್ಲಿವೆ. ಚಿತ್ರ ಮಾಸಿಲ್ಲ. ಯಾಕೆ? ಅಚ್ಚು ಹಾಕಿದ ಮೇಲೆ ಅವನ್ನು ಒಲೆಯಲ್ಲಿ ಸುಟ್ಟಿದ್ದರು. ಪಿಂಗಾಣಿಯ ಬಣ್ಣ ಅಂದರೆ ಲೋಹದ ಆಕ್ಸೈಡುಗಳು. ಕೋಬಾಲ್ಟಿನಿಂದ ನೀಲಿ, ಕಬ್ಬಿಣದಿಂದ ಕೆಂಪು ಕಂದು, ಕ್ರೋಮಿಯಮ್ಮಿನಿಂದ ಹಸಿರು. ಗಾಜಿನ ಪುಡಿಯ ಜೊತೆ ಬೆರೆಸಿದ ಆ ಬಣ್ಣದ ಚಿತ್ರವನ್ನು ಮೇಲೆ ಅಂಟಿಸಿ ಸುಮಾರು 800 ಡಿಗ್ರಿಯಲ್ಲಿ ಸುಟ್ಟರೆ ಬಣ್ಣ ಪಿಂಗಾಣಿಯ ಹೊಳಪಿನ ಜೊತೆ ಕರಗಿ ಒಂದಾಗುತ್ತದೆ. ಹೂವಿನ ಚಿತ್ರದ ಒಳ್ಳೆಯ ಪಿಂಗಾಣಿ ತಟ್ಟೆಗಳು ಇವತ್ತಿಗೂ ಹೀಗೇ ಆಗುವುದು. ಫೋಟೋವನ್ನೂ ಹೀಗೆ ಸುಟ್ಟು ನಿಲ್ಲಿಸುವ ವಿಧಾನಕ್ಕೆ 1854ರಲ್ಲೇ ಫ್ರಾನ್ಸಿನ ಇಬ್ಬರು ಫೋಟೋಗ್ರಾಫರುಗಳು ಪೇಟೆಂಟ್ ಪಡೆದರು. ಸಮಾಧಿ ಕಲ್ಲುಗಳ ಮೇಲೆ ಮೊಟ್ಟೆಯಾಕಾರದ ಪಿಂಗಾಣಿ ಫೋಟೋ ನೋಡಿರುತ್ತೀರಲ್ಲ, ಅದು ಆ ವಂಶದ್ದು. ಬಿಸಿಲು ಮಳೆಗೆ ಜಗ್ಗುವುದಿಲ್ಲ.

ಈಗ ಗೊತ್ತಾಯಿತಲ್ಲ ವ್ಯತ್ಯಾಸ? 800 ಡಿಗ್ರಿಯ ಚಿತ್ರ ಪಿಂಗಾಣಿಯೇ ಆಗಿಹೋಗುತ್ತದೆ. 190 ಡಿಗ್ರಿಯ ಚಿತ್ರ ಲೇಪದೊಳಗೆ ಬಾಡಿಗೆಗೆ ಇರುತ್ತದೆ. ಮನೆ ಗಟ್ಟಿಯಿದ್ದರೆ ಬಾಡಿಗೆದಾರನೂ ಗಟ್ಟಿ. ಲೇಪ ತೆಳುವಾಗಿದ್ದರೆ, ಗೀರು ಬಿದ್ದರೆ, ಮನೆಯೇ ಕುಸಿದರೆ ಅವನೆಲ್ಲಿಗೆ ಹೋಗಬೇಕು? ಮೂರು ತಿಂಗಳಿಗೆ ಮುಖ ಕಳೆದುಕೊಳ್ಳುವ ಮಗ್ಗಿನ ಗುಟ್ಟು ಇಷ್ಟೇ. ಇಂಕಿನ ಮೇಲೆ ಬೈದು ಪ್ರಯೋಜನವಿಲ್ಲ, ಲೇಪವನ್ನು ಕೇಳಬೇಕು.

ಒಂದು ಫೋಟೋ, ಮೂವರು ಮಕ್ಕಳು

ಇದೆಲ್ಲ ಬರೀ ವಿಜ್ಞಾನ ಅಂತ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಲವತ್ತೈದರ ಹೆಂಗಸೊಬ್ಬರು ಬಂದರು. ಕೈಚೀಲದಿಂದ ಮದುವೆ ಕಾರ್ಡಿನ ಕವರು, ಕವರಿನಿಂದ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನಿಂದ ಒಂದು ಕಪ್ಪುಬಿಳುಪು ಫೋಟೋ ತೆಗೆದರು. ಪೋಸ್ಟ್ ಕಾರ್ಡಿನಷ್ಟು. ಒಂದು ಮೂಲೆ ಮಡಿಸಿ ಬಿರುಕು ಬಿಟ್ಟಿತ್ತು. ನೋಡಿದೆ. ಅಣ್ಣಾವ್ರು! ಬಿಳಿ ಪಂಚೆ, ಬಿಳಿ ಶರ್ಟು, ಕೊರಳಲ್ಲಿ ಹಾರ, ಕೈ ಮುಗಿದು ನಗುತ್ತಿದ್ದಾರೆ. ಪಕ್ಕದಲ್ಲಿ ಅರ್ಧ ತೋಳಿನ ಶರ್ಟಿನ ಒಬ್ಬ ಬಡಕಲು ಮನುಷ್ಯ, ಕೈ ಎಲ್ಲಿಡಬೇಕೋ ಗೊತ್ತಾಗದೆ ನಿಂತಿದ್ದಾರೆ.

"ಇವರು ನಮ್ಮಪ್ಪ. ಟಾಕೀಸಿನಲ್ಲಿ ಆಪರೇಟರಾಗಿದ್ರು. ನೂರು ದಿನದ ಫಂಕ್ಷನ್ನಿಗೆ ರಾಜ್‌ಕುಮಾರ್ ಬಂದಾಗ ತೆಗೆದಿದ್ದು. ಅಪ್ಪ ಹೋಗಿ ವರ್ಷ ಆಯ್ತು ಅಣ್ಣ. ನಾವು ಮೂರು ಜನ ಮಕ್ಕಳು, ಇರೋದು ಇದೊಂದೇ ಫೋಟೋ. ಯಾರ ಮನೇಲಿರಬೇಕು ಅಂತ ಅಣ್ಣ ತಮ್ಮಂಗೆ ಮಾತೇ ಬಿಟ್ಟೋಗಿದೆ. ಮೂರು ಮಗ್ಗು ಮಾಡಿಕೊಡಿ" ಎಂದರು.

ಮಾಲೀಕರು ಫೋಟೋವನ್ನು ಅಂಚು ಹಿಡಿದು ಎತ್ತಿ ನೋಡಿದರು. ಹಿಂದೆ ಸ್ಟುಡಿಯೋ ಸೀಲು ಅಳಿಸಿಹೋಗಿತ್ತು. "ಮೊಬೈಲಿನಲ್ಲಿ ತೆಗೆದು ವಾಟ್ಸಪ್ ಮಾಡಿದ್ರೆ ಸಾಲ್ದಮ್ಮ. ಸ್ಕ್ಯಾನ್ ಮಾಡ್ತೀನಿ" ಎಂದು ಮೆತ್ತಗೆ ಗಾಜಿನ ಮೇಲೆ ಮಲಗಿಸಿದರು. ಮಗ್ಗಿನ ಮೇಲೆ ಇಂಚಿಗೆ 300 ಚುಕ್ಕಿಯಾದರೂ ಇದ್ದರೆ ಮುಖ ಮುಖವಾಗಿ ಕಾಣುತ್ತದೆ. ಹತ್ತು ಕೈ ದಾಟಿ ಬಂದ ವಾಟ್ಸಪ್ ಚಿತ್ರದಲ್ಲಿ ಅಷ್ಟು ಸತ್ವ ಇರುವುದಿಲ್ಲ.

ಬಣ್ಣದ ಫೋಟೋಕ್ಕಿಂತ ಕಪ್ಪುಬಿಳುಪೇ ಕಷ್ಟ ಅಂತ ನನಗೆ ಆವತ್ತು ಗೊತ್ತಾಯಿತು. ಬೂದು ಬಣ್ಣ ಬೂದಾಗಿಯೇ ಇರಬೇಕಾದರೆ ನಾಲ್ಕು ಇಂಕುಗಳೂ ತೂಕ ಹಾಕಿದ ಹಾಗೆ ಸಮನಾಗಿ ಏಳಬೇಕು. ಶಾಖ ಅಥವಾ ಹೊತ್ತು ಸ್ವಲ್ಪ ಹೆಚ್ಚಾದರೆ ಕಪ್ಪು ಕಂದಿಗೆ ತಿರುಗುತ್ತದೆ. ಬಣ್ಣದ ಸೀರೆಯಲ್ಲಿ ಅದು ಗೊತ್ತಾಗುವುದಿಲ್ಲ, ಕಪ್ಪುಬಿಳುಪಿನ ಮುಖದಲ್ಲಿ ಎದ್ದು ಕಾಣುತ್ತದೆ.

ಮೊದಲ ಮಗ್ಗು ಹೊರಬಂತು. ನನ್ನ ಕಣ್ಣಿಗೆ ಚೆನ್ನಾಗಿಯೇ ಇತ್ತು. ಅಣ್ಣಾವ್ರು ಅಣ್ಣಾವ್ರ ಹಾಗೇ ಇದ್ದರು. ಆದರೆ ಆ ಹೆಂಗಸು ಅಣ್ಣಾವ್ರನ್ನು ನೋಡುತ್ತಲೇ ಇರಲಿಲ್ಲ. ಬೆರಳು ಪಕ್ಕದ ಮನುಷ್ಯನ ಮೇಲಿತ್ತು. "ಅಪ್ಪ ಇಷ್ಟು ಕೆಂಪಗಿರ್ಲಿಲ್ಲ ಅಣ್ಣ" ಎಂದರು.

ಮಾಲೀಕರು ಒಂದು ಮಾತೂ ಆಡದೆ ಆ ಮಗ್ಗನ್ನು ಪಕ್ಕಕ್ಕಿಟ್ಟರು. ನಷ್ಟ ಅವರದೇ. ಹತ್ತು ಡಿಗ್ರಿ ಇಳಿಸಿದರು, ಕಂಪ್ಯೂಟರಿನಲ್ಲಿ ಕೆಂಪು ಒಂಚೂರು ತಗ್ಗಿಸಿದರು. ಮಳೆಗಾಲದ ತೇವ ಕಾಗದಕ್ಕೆ ತಗುಲಿದ್ದರೂ ಬಣ್ಣ ಕೆಡುತ್ತದೆ ಅಂತ ಕಾಗದವನ್ನು ಮೊದಲು ಮಿಷನ್ನಿನ ಶಾಖಕ್ಕೆ ಹಿಡಿದು ಒಣಗಿಸಿದರು. ಎರಡನೆಯದು ಬಂತು. ಬಡಕಲು ಮನುಷ್ಯನ ಮುಖ ಈಗ ಬೂದುಗಪ್ಪು, ಹಳೆಯ ಸಿನಿಮಾದಲ್ಲಿ ಇರುವ ಹಾಗೆ. ಆ ಹೆಂಗಸು ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇನ್ನೂ ಬಿಸಿಯಿತ್ತು. ಬಿಡಲಿಲ್ಲ.

"ಎಷ್ಟು ವರ್ಷ ಬರುತ್ತೆ ಅಣ್ಣ?"

ಬೇರೆ ಅಂಗಡಿಯವನಾಗಿದ್ದರೆ ಲೈಫ್ ಟೈಂ ಗ್ಯಾರಂಟಿ ಅಂದುಬಿಡುತ್ತಿದ್ದ. ಇವರು ಹಾಗೆ ಹೇಳಲಿಲ್ಲ. "ಷೋಕೇಸಿನಲ್ಲಿಟ್ರೆ ಬಹಳ ವರ್ಷ ಬರುತ್ತಮ್ಮ. ದಿನಾ ಕಾಫಿ ಕುಡಿದು ತಂತಿ ನಾರಲ್ಲಿ ತಿಕ್ಕಿದ್ರೆ ನಾನು ಜವಾಬ್ದಾರನಲ್ಲ. ಇದು ನೆನಪಿಗೆ, ಶಾಶ್ವತಕ್ಕಲ್ಲ. ಶಾಶ್ವತಕ್ಕೆ ಬೇಕಾದ್ರೆ ಸುಡೋ ಪಿಂಗಾಣಿ ಮಾಡಿಸ್ಬೇಕು, ಅದಕ್ಕೆ ಭಟ್ಟಿ ಬೇಕು, ನನ್ನ ಹತ್ರ ಇಲ್ಲ. ಸ್ಕ್ಯಾನ್ ಮಾಡಿರೋದನ್ನ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ, ಮೂರು ಜನಾನೂ ಇಟ್ಕೊಳ್ಳಿ. ಅಸಲು ಫೋಟೋನ ಬೆಳಕಿಗೆ ಇಡಬೇಡಿ."

ಮೂರು ಮಗ್ಗಿಗೆ ದುಡ್ಡು ತೆಗೆದುಕೊಂಡರು, ಸ್ಕ್ಯಾನಿಂಗಿಗೆ ತೆಗೆದುಕೊಳ್ಳಲಿಲ್ಲ. ಆಕೆ ಹೋದ ಮೇಲೆ ಕೆಂಪಗಾಗಿದ್ದ ಮೊದಲ ಮಗ್ಗನ್ನು ಒರೆಸಿ ಮೇಲಿನ ಶೆಲ್ಫಿನಲ್ಲಿಟ್ಟರು. "ಬಿಸಾಡೋಕೆ ಮನಸ್ಸು ಬರಲ್ಲ ಸಾರ್. ಅಣ್ಣಾವ್ರಿದ್ದಾರೆ, ಅವರಪ್ಪನೂ ಇದ್ದಾರೆ."

ಮೊಗ ಯಾರ ಸ್ವತ್ತು?

ಈಗ, ಮಾಲೀಕರು ಹೆಸರು ಬೇಡ ಅಂದಿದ್ದೇಕೆ ಅಂತ ಹೇಳಬೇಕಲ್ಲ. ತಾರೆಯ ಮುಖ ಹಾಕಿ ಮಗ್ಗು ಮಾರುವುದು ಅಷ್ಟು ಸಲೀಸಲ್ಲ. 2022ರ ನವೆಂಬರಿನಲ್ಲಿ ಅಮಿತಾಭ್ ಬಚ್ಚನ್ ದೆಹಲಿ ಹೈಕೋರ್ಟಿಗೆ ಹೋಗಿ, ತಮ್ಮ ಹೆಸರು, ಚಿತ್ರ, ದನಿಯನ್ನು ಅಪ್ಪಣೆಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ತಡೆಯಾಜ್ಞೆ ತಂದರು. 2023ರ ಸೆಪ್ಟೆಂಬರಿನಲ್ಲಿ ಅನಿಲ್ ಕಪೂರ್ ಸರದಿ. ಅವರ 'ಝಕಾಸ್' ಎಂಬ ಮಾತಿಗೂ ರಕ್ಷಣೆ ಸಿಕ್ಕಿತು!

ತಾರೆಯದು ಒಂದು ಕಡೆಯಾದರೆ ಫೋಟೋ ತೆಗೆದವರದು ಇನ್ನೊಂದು ಕಡೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಮೊದಲ ಹಕ್ಕು ತೆಗೆದವನದು. ಹಣ ಕೊಟ್ಟು ತೆಗೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವನದು. ತೆಗೆದವನು ಇರುವಷ್ಟು ಕಾಲ, ಅವನು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಜೀವಂತ. ಗಾಂಧಿನಗರದ ಪ್ರಗತಿ ಅಶ್ವತ್ಥನಾರಾಯಣ ಅವರಂಥ ಸ್ಥಿರಚಿತ್ರಗ್ರಾಹಕರು ಸೆಟ್ಟಿನ ಮೂಲೆಯಲ್ಲಿ ಕಾದು ನಿಂತು ತೆಗೆದ ಸ್ಟಿಲ್ಲುಗಳಿಂದಲೇ ನಮಗೆ ತಾರೆಯರ ಮುಖ ಮನಸ್ಸಿನಲ್ಲಿ ನಿಂತಿರುವುದು. ಮಗ್ಗಿನ ಮೇಲೆ ನಟ ಇರುತ್ತಾನೆ. ತೆಗೆದವರ ಹೆಸರು ಎಲ್ಲೂ ಇರುವುದಿಲ್ಲ.

"ನಿಮಗೆ ಭಯ ಇಲ್ವೇ?" ಎಂದೆ. "ಭಯ ಇದೆ ಸಾರ್, ಅದಕ್ಕೇ ರಾಶಿ ಹಾಕ್ಕೊಂಡು ಮಾರಲ್ಲ. ಗಿರಾಕಿ ತಾನೇ ಫೋಟೋ ತಂದ್ರೆ ಅವನಿಗೆ ಒಂದು ಮಾಡಿಕೊಡ್ತೀನಿ. ಷೋಕೇಸಿನದು ಬರೀ ಸ್ಯಾಂಪಲ್ಲು." ಕಾನೂನು ಇದನ್ನು ಒಪ್ಪುತ್ತದೆಯೋ ಬಿಡುತ್ತದೆಯೋ ವಕೀಲರನ್ನೇ ಕೇಳಬೇಕು. ನನಗನ್ನಿಸುವುದಿಷ್ಟು. ನಿರ್ಮಾಪಕರೂ ತಾರೆಯರ ಮನೆಯವರೂ ಒಂದು ಸೀಲು ಕೊಟ್ಟು, ಚಿಕ್ಕದೊಂದು ಪಾಲು ಗೊತ್ತು ಮಾಡಿ, ಇಂಥ ಸಣ್ಣ ಅಂಗಡಿಗಳಿಗೂ ಅಪ್ಪಣೆ ಸಿಗುವ ಹಾಗೆ ಮಾಡಿದರೆ ಹೆಸರು ಮುಚ್ಚಿಡುವ ಗತಿ ಇವರಿಗಿರುವುದಿಲ್ಲ. ಅಭಿಮಾನಿಗೂ ಒಳ್ಳೆಯ ಮಗ್ಗು, ಒಳ್ಳೆಯ ಚಿತ್ರ ಸಿಕ್ಕೀತು.

ಕೊಳ್ಳುವ ಮುನ್ನ, ತೊಳೆಯುವ ಮುನ್ನ

ಕೊನೆಗೆ ಓದುಗರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು. ಮಗ್ಗು ಕೈಗೆ ತೆಗೆದುಕೊಂಡು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೈಯೆಲ್ಲ ಒಂದೇ ಸಮ ಹೊಳೆಯಬೇಕು. ಚುಕ್ಕೆ, ಗುಳ್ಳೆ, ಹೊಳಪಿಲ್ಲದ ಜಾಗ ಕಂಡರೆ ಅಲ್ಲಿ ಲೇಪ ಸರಿಯಿಲ್ಲ ಅಂತ ಲೆಕ್ಕ. ಮುಖದ ಅಂಚಿನಲ್ಲಿ ನೆರಳಿನಂತೆ ಇನ್ನೊಂದು ಮುಖ ಕಂಡರೆ, ಬಿಸಿಯಲ್ಲಿ ಕಾಗದ ಜರುಗಿದೆ ಎಂದರ್ಥ. ಡಬಲ್ ಆ್ಯಕ್ಟಿಂಗ್ ಸಿನಿಮಾದಲ್ಲಿ ಚೆನ್ನ, ಮಗ್ಗಿನಲ್ಲಲ್ಲ! ಬೇರೆ ಮಗ್ಗು ಕೇಳಿ ಪಡೆಯಿರಿ.

ಚಿತ್ರ ಇರುವುದು ಮಗ್ಗಿನ ಹೊರಮೈಗೆ. ಹಾಗಾಗಿ ಕಾಫಿಗೂ ಇಂಕಿಗೂ ಮುಖಾಮುಖಿ ಇಲ್ಲ, ಆ ಚಿಂತೆ ಬೇಡ. ಸದಾ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಬಿಸಿಲಿಗೆ ಈ ಬಣ್ಣ ಮೆಲ್ಲಗೆ ಮಾಸುತ್ತದೆ. ತೊಳೆಯುವಾಗ ಮೆತ್ತನೆಯ ಸ್ಪಂಜು, ಸೋಪಿನ ನೀರು ಸಾಕು. ಸ್ಟೀಲ್ ಸ್ಕ್ರಬ್ಬರು, ಬೂದಿ, ಮರಳು ಖಂಡಿತ ಕೂಡದು. ಸೌಟು ತಟ್ಟೆಗಳ ಜೊತೆ ಸಿಂಕಿನಲ್ಲಿ ಗುದ್ದಾಡಲು ಬಿಡಬೇಡಿ. ನೆನಪಿಗೆ ಮಾಡಿಸಿದ ಮಗ್ಗಾದರೆ ಕಾಫಿಗೆ ಬೇರೆ ಲೋಟ ಇರಲಿ.

ಮತ್ತು, ಮಗ್ಗು ಮಾಡಿಸಿದ ಮೇಲೆ ಅಸಲು ಫೋಟೋವನ್ನು ಕಳೆಯಬೇಡಿ. ಮಗ್ಗು ಒಡೆದರೆ ಇನ್ನೊಂದು ಮಾಡಿಸಬಹುದು. ಫೋಟೋ ಹೋದರೆ ಯಾವ ಮಿಷನ್ನೂ ಎಷ್ಟು ಡಿಗ್ರಿಗೂ ತಂದುಕೊಡುವುದಿಲ್ಲ.

ನಾಳೆ ಬೆಳಿಗ್ಗೆ ಮನೆಯಲ್ಲಿ ಯಾರಾದರೂ ನಿಮ್ಮ ಹೀರೋ ಮುಖಕ್ಕೆ ತಂತಿ ನಾರು ಹಚ್ಚಲು ಹೊರಟರೆ, ಓದುಗ ಮಹಾಶಯರೇ, ದಯವಿಟ್ಟು ಜಗಳ ಆಡಬೇಡಿ. ಎದ್ದು ಹೋಗಿ ಮಗ್ಗು ಕಸಿದುಕೊಂಡು ನೀವೇ ತೊಳೆಯಿರಿ! ಅಭಿಮಾನಕ್ಕೆ ಅಷ್ಟಾದರೂ ಕೆಲಸ ಬೇಡವೆ?